ದೀಪದಕ್ಕ ಸುಮ್ಮನಾದಾಗ

ಹೊಸ ಆಲ್ಬಮ್ ಬಿಡುಗಡೆಯಾದ ಮರುದಿನ ಲಾಂಡ್ರಿಗೆ ಬಟ್ಟೆಗಿಂತ ದೂರುಗಳೇ ಹೆಚ್ಚು ಬಂದವು.

ಮೊದಲು ಬಂದವರು ಕಂಡಕ್ಟರು. ಬಸ್ಸಿನ ಕೆಲಸ ಬಿಟ್ಟು ಎಷ್ಟೋ ವರ್ಷವಾಗಿದ್ದರೂ ಬೀದಿಗೆಲ್ಲ ಅವರು ಇನ್ನೂ ಕಂಡಕ್ಟರೇ. ಕಂಕುಳಲ್ಲಿದ್ದ ಅಂಗಿಗಳನ್ನು ಕೌಂಟರಿನ ಮೇಲೆ ಹಾಕಿದವರು ಚೀಟಿ ಬರೆಸಿಕೊಳ್ಳುವುದನ್ನೂ ಮರೆತು ಶುರುಮಾಡಿದರು.

“ಏನಮ್ಮಾ ತಂಗಿ, ನಿಮ್ಮಕ್ಕ ಇದೇನು ಮಾಡಿಟ್ಟಿದ್ದಾರೆ? ಈಗ ಹಾಡು ಶುರುವಾಗುತ್ತೆ, ಈಗ ಶುರುವಾಗುತ್ತೆ ಅಂತ ಬಾಯಿ ಬಿಟ್ಕೊಂಡು ಕಾದೆ. ನೋಡಿದ್ರೆ ಮುಗಿದೇ ಹೋಗಿತ್ತು!”

“ಪೂರ್ತಿ ಕೇಳಿದ್ರಾ ಅಣ್ಣಾ?”

“ಕೇಳದೆ ಇರ್ತೀನಾ? ಇಷ್ಟು ವರ್ಷ ಕಾದವನು. ಕೇಳಿ ಆದ್ಮೇಲೆ ಹೆಂಡತಿ ಕೇಳಿದ್ಲು, ಏನ್ರೀ ಪೈಪ್ ಒಡೆದಿದೆಯಾ ಅಂತ.”

ಅವರ ಹಿಂದೆ ನಿಂತಿದ್ದ ವಿಜ್ಞಾನದ ಟೀಚರು ಸೀರೆಯ ಕವರನ್ನು ಎದೆಗವಚಿಕೊಂಡು ನಕ್ಕರು. “ನಾನಂತೂ ಫೋನ್ ಹಾಳು ಮಾಡಿದೆ ಅಂತ ಮಗನಿಗೆ ಬೈದುಬಿಟ್ಟೆ. ಪಾಪ, ಅವನದೇನೂ ತಪ್ಪಿರಲಿಲ್ಲ.” ಹೇಳುತ್ತಿದ್ದಂತೆಯೇ ಅವರು ತಲೆ ಓರೆ ಮಾಡಿ ಒಳಕ್ಕೆ ಕಿವಿಗೊಟ್ಟರು. ಹಿಂದಿನ ಕೋಣೆಯಲ್ಲಿ ಡ್ರೈಯರ್ ತಿರುಗುತ್ತಿತ್ತು. ಯಾರದೋ ಪ್ಯಾಂಟಿನ ಲೋಹದ ಗುಂಡಿ ಸುತ್ತಿಗೊಮ್ಮೆ ಟಿಣ್ ಎಂದು ಬಡಿಯುತ್ತಿತ್ತು. “ಅಯ್ಯೋ! ಇದೇ ಸದ್ದು! ಎರಡನೇ ಹಾಡಿನಲ್ಲಿರೋದು ಇದೇ ಅಲ್ವಾ ತಂಗಿ?”

ತಂಗಿಯ ಮುಖ ಇಸ್ತ್ರಿಪೆಟ್ಟಿಗೆಗಿಂತ ಬಿಸಿಯಾಯಿತು.

ಅವಳ ಹೆಸರು ತಂಗಿ ಅಲ್ಲ. ಆದರೆ ಅಕ್ಕ ಊರಿಗೆಲ್ಲ ದೀಪದಕ್ಕ ಆದ ಮೇಲೆ ಇವಳೂ ಊರಿಗೆಲ್ಲ ತಂಗಿಯಾದಳು. ಅವಳಿಗಿಂತ ಚಿಕ್ಕವರೂ ಹಾಗೆಯೇ ಕರೆಯುತ್ತಿದ್ದರು. ಗಂಡ ದೂರದೂರಿಗೆ ಲಾರಿ ಓಡಿಸುವವನು, ಮನೆಯಲ್ಲಿರುವುದಕ್ಕಿಂತ ರಸ್ತೆಯಲ್ಲಿರುವುದೇ ಹೆಚ್ಚು. ಬಾಯಿಬಡುಕಿ ಮಗಳೊಬ್ಬಳು, ಅವಳನ್ನು ಮನೆಯಲ್ಲಿ ಕರೆಯುವುದೇ ಪಟಾಕಿ ಎಂದು. ಬೆಳಗ್ಗೆ ಮಗಳ ಜಡೆ, ಆಮೇಲೆ ಅಂಗಡಿಯ ಬೀಗ, ಆಮೇಲೆ ಊರಿನವರ ಕಾಲರಿನ ಕೊಳೆ. ಇದರ ನಡುವೆ ಅವಳಿಗಿದ್ದ ಒಂದೇ ಹೆಮ್ಮೆ ಅಕ್ಕ.

ಅಕ್ಕನನ್ನು ದೀಪದಕ್ಕ ಮಾಡಿದ ಹಾಡು ಬಹಳ ಹಳೆಯದು. ದಾರಿಯಲ್ಲಿ ತಡವಾದವಳೊಬ್ಬಳು ಮನೆಯವರಿಗೆ ಹೇಳಿ ಕಳಿಸುವ ಹಾಗಿರುವ ಹಾಡು. ಕೊನೆಯ ಸಾಲು ಎತ್ತರದ ಸ್ವರದಲ್ಲಿದೆ: “ದೀಪ ಆರಿಸಬೇಡಿ, ನಾನಿನ್ನೂ ದಾರಿಯಲ್ಲಿದ್ದೇನೆ.” ಅಕ್ಕ ಮೊದಲ ಸಲ ದೊಡ್ಡ ಸಭೆಯಲ್ಲಿ ಹಾಡಿದ ದಿನ ಆ ಸಾಲಿಗೆ ಬರುವಷ್ಟರಲ್ಲಿ ಗಂಟಲು ಕಟ್ಟಿಹೋಯಿತು. ಬಾಯಿ ತೆರೆದಿದೆ, ಸ್ವರ ಇಲ್ಲ. ಪಕ್ಕವಾದ್ಯದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಗ ಮೊದಲ ಸಾಲಿನ ಎಡತುದಿಯ ಕುರ್ಚಿಯಲ್ಲಿ ಕೂತಿದ್ದ ತಂಗಿ, ಇನ್ನೂ ಶಾಲೆಗೆ ಹೋಗುತ್ತಿದ್ದ ಹುಡುಗಿ, ತನ್ನ ಒಡಕು ದನಿಯಲ್ಲಿ ಆ ಸಾಲನ್ನು ಎತ್ತಿಕೊಂಡಳು. ಅವಳ ಹಿಂದಿದ್ದವರು ಅವಳ ಜೊತೆಗೆ, ಅವರ ಹಿಂದಿದ್ದವರು ಅವರ ಜೊತೆಗೆ. ಇಡೀ ಸಭೆ ಹಾಡಿ ಮುಗಿಸಿತು. ಅಕ್ಕ ವೇದಿಕೆಯ ಮೇಲೆ ನಿಂತು ಅತ್ತಳು.

ಅಂದಿನಿಂದ ಅದೇ ಪದ್ಧತಿಯಾಯಿತು. ಅಕ್ಕ ಕೊನೆಯ ಸಾಲಿಗೆ ಮುಂಚೆ ನಿಲ್ಲಿಸುತ್ತಾಳೆ. ಎಡತುದಿಯ ಕುರ್ಚಿಯಿಂದ ತಂಗಿ ಶುರುಮಾಡುತ್ತಾಳೆ. ಸಭೆ ಸೇರಿಕೊಳ್ಳುತ್ತದೆ. ಯಾವ ಊರಿಗೆ ಹೋದರೂ ಆ ಕುರ್ಚಿಯನ್ನು ಅವಳಿಗಾಗಿ ಖಾಲಿ ಇಡುತ್ತಿದ್ದರು. ತಂಗಿ ಬಸುರಿಯಾಗಿ ಎದ್ದು ನಿಲ್ಲಲಾರದ ತಿಂಗಳಲ್ಲೂ ಹೋಗಿ ಕೂತು ಹಾಡಿ ಬಂದಿದ್ದಳು. ಹೊಟ್ಟೆಯೊಳಗೇ ಕೇಳಿಕೊಂಡದ್ದರಿಂದಲೇ ಪಟಾಕಿಗೆ ಇಷ್ಟು ಗಂಟಲು ಬಂದದ್ದು ಎಂದು ಕಂಡಕ್ಟರು ಈಗಲೂ ಛೇಡಿಸುತ್ತಾರೆ.

ಹಾಗಿದ್ದ ಅಕ್ಕನ ಗಂಟಲಲ್ಲಿ ಹಿಂದಿನ ವರ್ಷ ಸಣ್ಣದೊಂದು ಗಂಟು ಕಾಣಿಸಿಕೊಂಡು ಆಪರೇಷನ್ ಆಯಿತು. ಕೆಟ್ಟದ್ದೇನೂ ಅಲ್ಲ ಎಂದರು ಡಾಕ್ಟರು, ಆದರೆ ವಾರಗಟ್ಟಲೆ ಒಂದು ಮಾತೂ ಆಡುವಂತಿಲ್ಲ ಎಂದರು. ಒಬ್ಬಳೇ ಮನೆಯಲ್ಲಿದ್ದರೆ ಫೋನ್ ಬಂದಾಗ ಮರೆತು ಮಾತಾಡಿಬಿಟ್ಟಾಳು ಎಂದು ತಂಗಿ ಅವಳನ್ನು ದಿನಾ ಲಾಂಡ್ರಿಗೆ ಕರೆದುಕೊಂಡು ಬಂದು ಸ್ಟೂಲಿನ ಮೇಲೆ ಕೂರಿಸುತ್ತಿದ್ದಳು. ಗುಣವಾದ ಮೇಲೆ ಎತ್ತರದ ಸ್ವರಗಳು ಹೋಗಿದ್ದವು. ಉಳಿದದ್ದು ತಗ್ಗಿನ, ಅಂಚು ಸವೆದ ದನಿ. ಸ್ವಲ್ಪ ದಿನಕ್ಕೆ ಅಕ್ಕ ರೆಕಾರ್ಡ್ ಮಾಡುವ ಪುಟ್ಟ ಯಂತ್ರ ತಂದು ಡ್ರೈಯರಿನ ಬಾಗಿಲ ಹತ್ತಿರ ಇಟ್ಟಾಗ ತಂಗಿ, ಹೊತ್ತು ಕಳೆಯಲಿ ಪಾಪ, ಎಂದುಕೊಂಡು ಸುಮ್ಮನಿದ್ದಳು. ಅದೇ ಆಲ್ಬಮ್ ಆಗಿ ಬರುತ್ತದೆ ಎಂದು ಅವಳು ಕನಸಿನಲ್ಲೂ ಎಣಿಸಿರಲಿಲ್ಲ.

“ಇಷ್ಟ ಆಯ್ತಾ?” ಎಂದು ಅಕ್ಕ ಕೇಳಿದಾಗ ತಂಗಿ, “ಹ್ಞೂಂ, ಚೆನ್ನಾಗಿದೆ,” ಎಂದಿದ್ದಳು. ನಿಜಕ್ಕೂ ಅವಳು ಅದನ್ನು ಸರಿಯಾಗಿ ಕೇಳಿಸಿಕೊಂಡೇ ಇರಲಿಲ್ಲ. ಇಸ್ತ್ರಿ ಮಾಡುತ್ತಾ ಅಂಗಡಿಯಲ್ಲೇ ಹಾಕಿದ್ದಳು. ಯಾವುದು ಆಲ್ಬಮ್ಮಿನ ಡ್ರೈಯರು, ಯಾವುದು ತನ್ನ ಡ್ರೈಯರು ಎಂದು ತಿಳಿಯದೆ, ಹಾಡು ಮುಗಿದು ಎಷ್ಟೋ ಹೊತ್ತಾದ ಮೇಲೂ ಕೇಳುತ್ತಲೇ ಇದ್ದಳು.

ಹೊಸ ಆಲ್ಬಮ್ಮಿನ ಮೊದಲ ಕಾರ್ಯಕ್ರಮ ಆ ವಾರದ ಕೊನೆಗೆ ಇತ್ತು. ಸಭಾಂಗಣ ತುಂಬಿತ್ತು. ಆಲ್ಬಮ್ ಹೇಗಾದರೂ ಇರಲಿ, ಎದುರಿಗೆ ನಿಂತರೆ ಹಳೆಯದನ್ನು ಹಾಡದೆ ಹೋಗುತ್ತಾಳೆಯೇ ಎಂಬುದು ಎಲ್ಲರ ಲೆಕ್ಕಾಚಾರ. ವೇದಿಕೆಯ ಮೇಲೆ ಪಕ್ಕವಾದ್ಯದವರೇ ಇರಲಿಲ್ಲ. ಒಂದು ಮೇಜು, ಅದರ ಮೇಲೆ ಪುಟ್ಟ ಯಂತ್ರ, ಎರಡು ಬದಿಗೂ ಸ್ಪೀಕರಿನ ಕಪ್ಪು ಪೆಟ್ಟಿಗೆಗಳು, ಒಂದು ಮೈಕು. ಅಕ್ಕ ಬೂದು ಬಣ್ಣದ ಸಾದಾ ಉಡುಪಿನಲ್ಲಿ ಬಂದು ನಿಂತಳು. ಅದನ್ನು ತಂಗಿಯೇ ಬೆಳಗ್ಗೆ ಇಸ್ತ್ರಿ ಮಾಡಿಕೊಟ್ಟಿದ್ದಳು.

ನೀರು ತುಂಬುವ ಸದ್ದು. ಬಟ್ಟೆ ಹೊರಳುವ ಸದ್ದು. ಆವಿ ಬಿಟ್ಟ ಹಾಗೆ ಅಕ್ಕನ ಉಸಿರು, ಅದರ ಕೆಳಗೆ ಅವಳ ತಗ್ಗಿದ ದನಿ, ಪದಗಳಿಲ್ಲ. ಜನ ಕುರ್ಚಿಯಲ್ಲಿ ಮಿಸುಕಾಡಿದರು. ಯಾರೋ ಫೋನಿನ ಬೆಳಕು ಹಚ್ಚಿ ಆರಿಸಿದರು. ಬಹಳ ಹೊತ್ತಾದ ಮೇಲೆ ಸದ್ದುಗಳು ಒಂದೊಂದೇ ನಿಂತವು. ನೀರು ನಿಂತಿತು, ಗುಂಡಿಯ ಟಿಣ್ ಟಿಣ್ ನಿಂತಿತು, ಉಸಿರು ನಿಂತಿತು. ಅಕ್ಕ ಬಾಯಿ ತುಸು ತೆರೆದು, ಕಣ್ಣು ತಗ್ಗಿಸಿ ನಿಂತಳು. ಸುಮ್ಮನೆ ನಿಂತಳು.

ತಂಗಿ ತನ್ನ ಎಡತುದಿಯ ಕುರ್ಚಿಯಲ್ಲಿ ಮುಂದಕ್ಕೆ ಸರಿದಳು. ಗಂಟಲು ಕಟ್ಟಿತು ಅಕ್ಕನಿಗೆ. ಮತ್ತೆ ಕಟ್ಟಿತು. ಆಪರೇಷನ್ ಆದ ಗಂಟಲು, ಇಷ್ಟು ಜನ, ಯಾರೂ ಇಲ್ಲ ಪಕ್ಕದಲ್ಲಿ. ಯೋಚನೆ ಮುಗಿಯುವ ಮೊದಲೇ ಅವಳ ಬಾಯಿ ಹಾಡಿತ್ತು.

“ದೀಪ ಆರಿಸಬೇಡಿ...”

ಸಭೆ ಒಂದು ಗಳಿಗೆ ಬೆಚ್ಚಿ, ಆಮೇಲೆ ಕಟ್ಟೆಯೊಡೆದ ಹಾಗೆ ನುಗ್ಗಿತು. ಇಡೀ ಸಂಜೆ ಹಿಡಿದಿಟ್ಟುಕೊಂಡದ್ದನ್ನೆಲ್ಲ ಆ ಒಂದು ಸಾಲಿನಲ್ಲಿ ಸುರಿದರು. ಕಂಡಕ್ಟರು ಎದ್ದು ನಿಂತಿದ್ದರು. ಟೀಚರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಸಾಲನ್ನು ಮತ್ತೆ ಹಾಡಿದರು, ಮತ್ತೊಮ್ಮೆ ಹಾಡಿದರು. ಚಪ್ಪಾಳೆಗೆ ಚಾವಣಿಯ ದೂಳು ಉದುರುವಂತಿತ್ತು.

ಅಕ್ಕ ಕಣ್ಣೆತ್ತಿ ತಂಗಿಯನ್ನು ನೋಡಿದಳು. ಆಮೇಲೆ ಕೈಮುಗಿದು, ಯಂತ್ರದ ಗುಂಡಿ ಒತ್ತಿ ಎಲ್ಲವನ್ನೂ ಆರಿಸಿ, ಒಳಗೆ ಹೋದಳು.

ಮರುದಿನ ಲಾಂಡ್ರಿಯಲ್ಲಿ ದೂರುಗಳೇ ಇಲ್ಲ. ಬಂದವರೆಲ್ಲ ಹೊಗಳುವವರೇ. “ಎಂಥ ತಲೆ ನಿಮ್ಮಕ್ಕಂದು! ಅಷ್ಟು ಹೊತ್ತು ನಮ್ಮನ್ನ ಸತಾಯಿಸಿ ಸತಾಯಿಸಿ ಕೊನೆಗೆ ಹಾಡನ್ನ ನಮ್ಮ ಬಾಯಿಂದಲೇ ಹೊರಡಿಸಿದ್ರಲ್ಲ!” ಎಂದರು ಟೀಚರು. “ಈಗ ನನಗೆ ಆಲ್ಬಮ್ ಅರ್ಥ ಆಯ್ತು ನೋಡಿ. ಅದು ಒಗಟು. ಉತ್ತರ ಹಳೇ ಹಾಡು.”

ಮಧ್ಯಾಹ್ನ ಅಕ್ಕ ಬಂದಳು. ಸ್ಟೂಲ್ ಎಳೆದುಕೊಂಡು ಕೂತಳು. ತಂಗಿ ಅವಳ ಮುಖ ನೋಡದೆ ಒಂದು ಬಿಳಿ ಅಂಗಿಯ ತೋಳಿಗೆ ಇಸ್ತ್ರಿ ಒತ್ತಿದಳು.

“ಗಂಟಲು ಹೇಗಿದೆಯೇ? ನೋವಿದ್ಯಾ?”

“ಗಂಟಲಿಗೇನಾಗಿದೆ? ಚೆನ್ನಾಗಿದೆ.”

“ನಿನ್ನೆ ಕಟ್ಟಿಹೋಯ್ತಲ್ಲ...”

“ಕಟ್ಟಲಿಲ್ಲ ಕಣೇ.” ಅಕ್ಕನ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ತಂಗಿಗೆ ಸುಲಭವಾಗುತ್ತಿತ್ತು. “ಅಲ್ಲಿ ಹಾಗೇ ಇರೋದು. ಆಲ್ಬಮ್ಮಲ್ಲೂ ಇದೆ. ಎಲ್ಲ ನಿಲ್ಲುತ್ತೆ, ಬಹಳ ಹೊತ್ತು ಏನೂ ಇಲ್ಲ, ಆಮೇಲೆ ಒಂದೇ ಒಂದು ಸ್ವರ ಬರುತ್ತೆ. ಅಷ್ಟೇ. ನೀನು ಕೇಳಿದ್ಯಲ್ಲ?”

ತಂಗಿಯ ಕೈ ನಿಂತಿತು. ಇಸ್ತ್ರಿಪೆಟ್ಟಿಗೆ ನಿಂತಲ್ಲೇ ನಿಂತು ಬಟ್ಟೆ ಸುಟ್ಟ ವಾಸನೆ ಹೊಡೆದಾಗ ಬೆಚ್ಚಿ ಎತ್ತಿದಳು. ತೋಳಿನ ಮೇಲೆ ಹಳದಿ ಗುರುತು ಮೂಡಿತ್ತು.

“ಇಲ್ಲಿ ಹಾಕ್ಕೊಂಡು ಕೇಳಿದ್ದೆ. ಇಲ್ಲಿ ಯಾವತ್ತು ಸದ್ದು ನಿಲ್ಲುತ್ತೆ? ನಂಗೆ ಅದು ಗೊತ್ತೇ ಆಗ್ಲಿಲ್ಲ ಅಕ್ಕಾ.”

ಅಕ್ಕ ಮೊದಲು ನಕ್ಕಳು. ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. “ಇಡೀ ಊರಲ್ಲಿ ಅದನ್ನ ಕೇಳಿಸಿಕೊಳ್ಳೋಕೆ ಆಗದೇ ಇರೋ ಜಾಗ ಅಂದ್ರೆ ಇದೊಂದೇ. ಇಲ್ಲೇ ಹಾಕಿದ್ಯಲ್ಲ ಮಾರಾಯ್ತಿ!” ನಗು ಇಳಿದ ಮೇಲೆ ಉಡುಪಿನ ಅಂಚಿನ ನೂಲೊಂದನ್ನು ಎಳೆಯುತ್ತಾ ಹೇಳಿದಳು. “ನಾನು ಮಾತಾಡೋ ಹಾಗಿರಲಿಲ್ಲವಲ್ಲ, ಆಗ ಎಲ್ಲರಿಗೂ ನನ್ನ ಕಂಡ್ರೆ ಭಯ. ನೋಡೋಕೆ ಬಂದೋರು ನಾನು ಸುಮ್ಮನಿದ್ದೀನಿ ಅಂತ ಗಾಬರಿಯಾಗಿ ಅವರೇ ಎರಡು ಪಾಲು ಮಾತಾಡೋರು. ಸನ್ನೆ ಮಾಡಿದ್ರೆ ತಪ್ಪು ತಿಳ್ಕೊಂಡು ನೀರು ತಂದು ಕೊಡೋರು. ನೀನೊಬ್ಬಳೇ ಏನೂ ಮಾಡ್ಲಿಲ್ಲ. ಸ್ಟೂಲ್ ಹಾಕಿದೆ, ನಿನ್ನ ಪಾಡಿಗೆ ಕೆಲಸ ಮಾಡಿದೆ. ಸಾಯಂಕಾಲ ಮಷಿನ್ ಎಲ್ಲ ಆರಿಸಿ ನೀನೂ ಬಂದು ಪಕ್ಕದಲ್ಲಿ ಕೂತ್ಕೊಳ್ತಿದ್ದೆ. ಇಬ್ಬರೂ ಸುಮ್ನೆ. ನಂಗೆ ಜನ್ಮದಲ್ಲಿ ಅಷ್ಟು ನೆಮ್ಮದಿ ಆಗಿರಲಿಲ್ಲ. ಅದನ್ನೇ ನಾನು ಅಲ್ಲಿ ಇಟ್ಟಿರೋದು.”

“ನಂಗೆ ಸುಸ್ತಾಗಿರ್ತಿತ್ತು ಅಕ್ಕಾ. ಮಾತಾಡೋಕೂ ತ್ರಾಣ ಇರ್ತಿರ್ಲಿಲ್ಲ. ಅದಕ್ಕೇ ಕೂತ್ಕೊಳ್ತಿದ್ದದ್ದು.”

“ಇರ್ಬಹುದು. ನಂಗೇನು ಅದ್ರಿಂದ?”

ತಂಗಿ ಸುಟ್ಟ ತೋಳನ್ನು ಒದ್ದೆ ಬಟ್ಟೆಯಿಂದ ಉಜ್ಜತೊಡಗಿದಳು. ಗುರುತು ಹೋಗುವುದಿಲ್ಲವೆಂದು ಅವಳಿಗೆ ಗೊತ್ತಿತ್ತು, ಆದರೂ ಉಜ್ಜಿದಳು.

“ನೀನು ನನ್ನ ಕೈಹಿಡಿದು ಎತ್ತಿದೆ,” ಎಂದಳು ಅಕ್ಕ. “ಆದ್ರೆ ನಾನು ಬಿದ್ದಿರಲಿಲ್ಲ.”

ಅಷ್ಟರಲ್ಲಿ ಅವಳಿಗೆ ಫೋನ್ ಬಂತು. ಸಭಾಂಗಣದ ಮ್ಯಾನೇಜರು. ಅವರ ಗಂಟಲು ಎಷ್ಟು ದೊಡ್ಡದೆಂದರೆ ಕೌಂಟರಿನ ಈಚೆಗೂ ಎಲ್ಲ ಕೇಳಿಸುತ್ತಿತ್ತು. ಬರುವ ತಿಂಗಳು ಇನ್ನೊಂದು ಕಾರ್ಯಕ್ರಮ ಇಟ್ಟುಕೊಳ್ಳೋಣ, ಜನ ಈಗಲೇ ಕೇಳುತ್ತಿದ್ದಾರೆ, ಒಂದೇ ಮಾತು ಮೇಡಂ, ಕೊನೆಯ ಆ ಸರ್‌ಪ್ರೈಸ್ ಮಾತ್ರ ಇರಲೇಬೇಕು, ಅದಿಲ್ಲದಿದ್ದರೆ ಮೊದಲ ಭಾಗವನ್ನು ಯಾರು ತಡೆದುಕೊಳ್ಳುತ್ತಾರೆ? ಅಕ್ಕ, “ನೋಡೋಣ,” ಎಂದು ಫೋನ್ ಇಟ್ಟಳು.

“ಏನ್ ಮಾಡ್ತೀಯ?”

“ಇನ್ನೊಂದು ಸಲ ಪ್ರಯತ್ನ ಮಾಡ್ತೀನಿ. ಆಗಲೂ ಜನ ಹಾಡಿದ್ರೆ ಇದನ್ನ ಮೂಟೆ ಕಟ್ಟಿ ಇಟ್ಟುಬಿಡ್ತೀನಿ. ಪಕ್ಕವಾದ್ಯದವರನ್ನ ಕರೆಸಿ, ತಗ್ಗಿನ ಶ್ರುತಿಯಲ್ಲಿ ದೀಪದ ಹಾಡನ್ನೇ ಹಾಡ್ಕೊಂಡಿರ್ತೀನಿ. ಜನರ ಜೊತೆ ಹಠ ಮಾಡೋಕೆ ನಂಗೆ ಇಷ್ಟ ಇಲ್ಲ ಕಣೇ. ಅವರು ಕೆಟ್ಟೋರಲ್ಲ. ಪ್ರೀತಿಯಿಂದಲೇ ಮಾಡೋದು. ಅದಕ್ಕೇ ಕಷ್ಟ.”

“ನಾನು ಬರೋದೇ ಇಲ್ಲ. ಬಂದ್ರೂ ಹಿಂದೆಲ್ಲೋ ಕೂತ್ಕೋತೀನಿ.”

“ಬೇಡ. ನಿನ್ನ ಜಾಗದಲ್ಲೇ ಕೂತ್ಕೋ. ನೀನಿಲ್ಲ ಅಂದ್ರೆ ಯಾರು ಬೇಕಾದ್ರೂ ಶುರು ಮಾಡ್ತಾರೆ. ನೀನಿದ್ರೆ ನೀನು ಶುರು ಮಾಡ್ಲಿ ಅಂತ ಕಾಯ್ತಾರೆ.” ಅಕ್ಕ ಎದ್ದಳು. “ಇನ್ನೇನೂ ಮಾಡ್ಬೇಡ. ಸುಮ್ನೆ ಕೂತ್ಕೊಂಡಿರು, ಅಷ್ಟೇ.”

ಹೇಳುವುದಕ್ಕೇನೋ ಸುಲಭ. ಆ ಸಾಲು ತಂಗಿಯ ನಾಲಗೆಯ ಮೇಲೆ ಎಷ್ಟು ವರ್ಷದಿಂದ ಕೂತಿತ್ತೆಂದರೆ, ಲಾರಿ ತಡವಾದ ದಿನಗಳಲ್ಲಿ ಗಂಡನ ಫೋನಿಗಾಗಿ ಕಾಯುತ್ತಾ ಗೊತ್ತಿಲ್ಲದೆಯೇ ಅದನ್ನು ಗುನುಗಿಕೊಳ್ಳುತ್ತಿದ್ದಳು. ಅಲ್ಲದೆ, ಹೊರಗೆ ಹೇಳಿಕೊಳ್ಳದಿದ್ದರೂ, ಅವಳಿಗೂ ಆ ಹಾಡೇ ಬೇಕಾಗಿತ್ತು. ಊರಿನವರು ಕೌಂಟರಿಗೆ ಬಂದು ಹೇಳುತ್ತಿದ್ದುದನ್ನೇ ಅವಳ ಮನಸ್ಸು ಒಳಗೊಳಗೇ ಹೇಳುತ್ತಿತ್ತು. ಡ್ರೈಯರಿನ ಸದ್ದು ಕೇಳಲು ಯಾರಾದರೂ ಒಳ್ಳೆಯ ಬಟ್ಟೆ ಹಾಕಿಕೊಂಡು ಸಭಾಂಗಣಕ್ಕೆ ಹೋಗುತ್ತಾರೆಯೇ? ಅವಳು ಅದರಿಂದ ತಪ್ಪಿಸಿಕೊಳ್ಳುವುದಕ್ಕೇ ಅಕ್ಕನ ಹಾಡಿಗೆ ಹೋಗುತ್ತಿದ್ದದ್ದು.

ಕಾರ್ಯಕ್ರಮ ಹತ್ತಿರವಾದಂತೆ ಕಂಡಕ್ಟರ ಉತ್ಸಾಹ ಏರಿತು. ಒಂದು ಸಂಜೆ ಅಂಗಿ ಒಯ್ಯಲು ಬಂದವರು ಕೌಂಟರಿನ ಮೇಲೆ ತಾಳ ಹಾಕಿದರು.

“ಈ ಸಲ ಬೇಕಾಬಿಟ್ಟಿ ಹಾಡೋದಲ್ಲ ತಂಗಿ. ನಮ್ಮವರಿಗೆಲ್ಲ ಹೇಳಿಟ್ಟಿದ್ದೀನಿ. ಹೆಂಗಸರು ಮೇಲಿನ ಸ್ವರದಲ್ಲಿ, ಗಂಡಸರು ಕೆಳಗಿನದರಲ್ಲಿ. ನೀನು ಎತ್ಕೊಂಡ ಕೂಡಲೇ ಅಲೆ ಬಂದ ಹಾಗೆ ಬರ್ಬೇಕು.”

“ಅಣ್ಣಾ, ಒಂದು ಮಾತು ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಈ ಸಲ ಹಾಡ್ಬೇಡಿ. ಅಲ್ಲಿ ಸುಮ್ಮನಿರಬೇಕಂತೆ. ಅವಳು ಬೇಕು ಅಂತಲೇ ನಿಲ್ಲಿಸೋದು.”

“ಬೇಕು ಅಂತಲೇ ನಿಲ್ಲಿಸೋದು ಅಂತ ನಂಗೂ ಗೊತ್ತಲ್ಲ! ನಾವು ಹಾಡ್ಲಿ ಅಂತ.”

“ಅಲ್ಲ ಅಣ್ಣಾ. ಯಾರೂ ಹಾಡದೆ ಇರ್ಲಿ ಅಂತ.”

ಕಂಡಕ್ಟರ ಬೆರಳು ತಾಳದ ಮಧ್ಯೆ ನಿಂತಿತು. ಅವರು ಮಡಿಸಿಟ್ಟ ಅಂಗಿಗಳನ್ನು ನೋಡಿದರು, ಬಾಗಿಲ ಕಡೆ ನೋಡಿದರು. “ಹಾಗಾದ್ರೆ ನಾವು ಅವರಿಗೆ ಬೇಡವಾದ್ವಾ?”

“ಅಯ್ಯೋ, ಹಾಗಲ್ಲ...”

“ಕೊನೇ ಟ್ರಿಪ್ಪಿನಲ್ಲಿ ಡ್ರೈವರಿಗೆ ಹೇಳಿ ಆ ಹಾಡು ಹಾಕಿಸ್ತಿದ್ದೆ ನಾನು. ಬಸ್ಸಲ್ಲಿ ಇರೋರೆಲ್ಲ ಕೆಲಸ ಮುಗಿಸಿ ಬಳಲಿದವರು, ತೂಕಡಿಸೋರು. ಕೊನೇ ಸಾಲಿಗೆ ಸರಿಯಾಗಿ ಕಣ್ಣು ಬಿಟ್ಟು ಹಾಡಿ, ಮತ್ತೆ ನಿದ್ದೆ ಮಾಡೋರು.” ಅವರು ನಗಲು ನೋಡಿದರು, ಆಗಲಿಲ್ಲ. “ಆ ಸಾಲು ನಂದೂ ಹೌದು ಅಂದ್ಕೊಂಡಿದ್ದೆ. ಅದಿಲ್ಲದಿದ್ರೆ ನಾನು ಅಲ್ಲಿಗೆ ಯಾಕೆ ಬರ್ಬೇಕು, ನೀನೇ ಹೇಳು?”

ತಂಗಿ ಅಂಗಿಗಳ ಕಟ್ಟಿಗೆ ದಾರ ಸುತ್ತಿದಳು. “ನಂಗೂ ಗೊತ್ತಿಲ್ಲ ಅಣ್ಣಾ,” ಎಂದಳು ಕೊನೆಗೆ. ಅವರು ಅಂಗಿ ಎತ್ತಿಕೊಂಡು ಹೋದರು.

ಅಂತೂ ಆ ಸಂಜೆ ಬಂತು. ಈ ಸಲ ಇನ್ನೂ ಹೆಚ್ಚು ಜನ. ಎಡತುದಿಯ ಕುರ್ಚಿಯಲ್ಲಿ ತಂಗಿ, ಪಕ್ಕದಲ್ಲಿ ಪಟಾಕಿ. ಕಂಡಕ್ಟರು ಬರುತ್ತಾರೋ ಇಲ್ಲವೋ ಎಂದುಕೊಂಡಿದ್ದಳು. ಬಂದರು, ನೆಟ್ಟಗೆ ಅವಳ ಹಿಂದಿನ ಸಾಲಿನಲ್ಲೇ ಕೂತರು, ನಮಸ್ಕಾರವನ್ನೂ ಹೇಳಲಿಲ್ಲ. ಮೊದಲ ಭಾಗವನ್ನು ಜನ ಊಟಕ್ಕೆ ಮುಂಚಿನ ಭಾಷಣದ ಹಾಗೆ ಸಹಿಸಿಕೊಂಡರು. ಕೊನೆಗೆ ಏನು ಬರುತ್ತದೆಂದು ಅವರಿಗೆ ಗೊತ್ತಿತ್ತು. ಸದ್ದುಗಳು ಒಂದೊಂದಾಗಿ ನಿಲ್ಲತೊಡಗಿದಾಗ ಇಡೀ ಸಭೆ ಬೆನ್ನು ನೆಟ್ಟಗೆ ಮಾಡಿತು.

ನೀರು ನಿಂತಿತು. ಟಿಣ್ ಟಿಣ್ ನಿಂತಿತು. ಉಸಿರು ನಿಂತಿತು.

ಎಷ್ಟೋ ಕಣ್ಣುಗಳು ತನ್ನ ತಲೆಯ ಹಿಂಭಾಗದ ಮೇಲೆ ಕೂತದ್ದು ತಂಗಿಗೆ ತಿಳಿಯಿತು. ಸಾಲು ಗಂಟಲಿಗೆ ಏರಿ ಬಂತು. ಬಂದದ್ದನ್ನು ನುಂಗಿದಳು, ಮತ್ತೆ ಬಂತು. ತುಟಿಗಳನ್ನು ಒಳಗೆ ಮಡಿಚಿ ಹಲ್ಲಿನಿಂದ ಹಿಡಿದುಕೊಂಡಳು. ವೇದಿಕೆಯ ಮೇಲೆ ಅಕ್ಕ ಒಬ್ಬಳೇ, ಬಾಯಿ ತುಸು ತೆರೆದು ನಿಂತಿದ್ದಾಳೆ. ಗೊತ್ತಿದೆ, ಅವಳು ಬಿದ್ದಿಲ್ಲ. ಗೊತ್ತಿದ್ದೂ ಎದ್ದು ಓಡಿ ಹಿಡಿಯಬೇಕೆನ್ನಿಸುತ್ತಿದೆ. ನಿಜವಾಗಿಯೂ ಈ ಸಲ ಗಂಟಲು ಕಟ್ಟಿದ್ದರೆ? ನನ್ನ ಮಾತು ಉಳಿಸಿಕೊಳ್ಳಲು ನಾನು ಸುಮ್ಮನಿದ್ದು, ಅವಳು ಅಲ್ಲಿ ಎಲ್ಲರೆದುರು ಹಾಗೇ ನಿಂತುಬಿಟ್ಟರೆ?

“ಅಮ್ಮಾ,” ಪಟಾಕಿ ಪಿಸುಗುಟ್ಟಿದಳು. ಅವಳ ಪಿಸುಮಾತು ಐದಾರು ಸಾಲು ದಾಟುತ್ತದೆ. “ಹಾಡಮ್ಮಾ. ಎಲ್ರೂ ಕಾಯ್ತಿದ್ದಾರೆ.”

ತಂಗಿ ಮಗಳ ಕೈಯನ್ನು ತನ್ನ ತೊಡೆಯ ಮೇಲೆ ಇಟ್ಟುಕೊಂಡು ಒತ್ತಿ ಹಿಡಿದಳು.

ಹಿಂದಿನಿಂದ ಯಾರೋ ದೀರ್ಘವಾಗಿ ಉಸಿರು ಎಳೆದುಕೊಳ್ಳುವುದು ಕೇಳಿಸಿತು. ಹಾಡುವ ಮುಂಚಿನ ಉಸಿರು. ಇಷ್ಟು ವರ್ಷ ತಂಗಿ ಒಮ್ಮೆಯೂ ಆ ಕುರ್ಚಿಯಲ್ಲಿ ಕೂತು ಹಿಂದಕ್ಕೆ ತಿರುಗಿದವಳಲ್ಲ. ಸಭೆಯ ಮುಖ ಹೇಗಿರುತ್ತದೆಂದೇ ಅವಳಿಗೆ ಗೊತ್ತಿರಲಿಲ್ಲ. ಈಗ ತಿರುಗಿದಳು. ಕಂಡಕ್ಟರು ಎದೆಯುಬ್ಬಿಸಿ, ಬಾಯಿ ತೆರೆದು, ಅವಳನ್ನೇ ನೋಡುತ್ತಿದ್ದರು. ಅವರ ಕಣ್ಣಲ್ಲಿ ಹಠವಿರಲಿಲ್ಲ, ಭಯವಿತ್ತು. ಅವಳಿಗಿದ್ದ ಭಯವೇ. ಅವರಾಚೆ ಟೀಚರ ಮುಖದಲ್ಲೂ ಅದೇ, ಅವರಾಚೆ ಹೆಸರು ಗೊತ್ತಿಲ್ಲದ ಎಷ್ಟೋ ಮುಖಗಳಲ್ಲೂ ಅದೇ. ಎಲ್ಲರೂ ಅಕ್ಕನನ್ನು ಹಿಡಿಯಲು ಕೈ ಚಾಚಿ ಕೂತವರು.

ಅವಳು ಬೆರಳು ತುಟಿಗಿಡಲಿಲ್ಲ, ತಲೆಯಾಡಿಸಲಿಲ್ಲ. ಸುಮ್ಮನೆ ಅವರನ್ನು ನೋಡಿದಳು.

ಕಂಡಕ್ಟರ ಎದೆ ನಿಧಾನವಾಗಿ ಇಳಿಯಿತು. ಎಳೆದುಕೊಂಡಿದ್ದ ಉಸಿರು ಹಾಡಿಲ್ಲದೆ ಹೊರಗೆ ಹೋಯಿತು.

ಆಮೇಲೂ ಅದು ಮುಗಿಯಲಿಲ್ಲ. ಹಿಂದೆಲ್ಲೋ ಒಬ್ಬರು ಎದ್ದು ಹೋದರು, ಮಡಿಸುವ ಕುರ್ಚಿ ಟಪ್ಪೆಂದು ಮಡಿಚಿಕೊಂಡಿತು. ಯಾರೋ ಕೆಮ್ಮಿದರು. ಯಾರೋ ಕಿಸಕ್ಕೆಂದು ನಕ್ಕು ತಾವೇ ನಾಚಿ ನಿಲ್ಲಿಸಿದರು. ಸ್ವಲ್ಪ ಸ್ವಲ್ಪವಾಗಿ ಅದೂ ಇಲ್ಲವಾಯಿತು. ತಂಗಿ ಮುಂದಕ್ಕೆ ತಿರುಗಿದಳು. ಅಕ್ಕ ಅವಳನ್ನೇ ನೋಡುತ್ತಿದ್ದಳು. ಆ ನೋಟ ಏನನ್ನೂ ಕೇಳುತ್ತಿರಲಿಲ್ಲ. ಎತ್ತು ಎನ್ನುತ್ತಿರಲಿಲ್ಲ, ಹಿಡಿ ಎನ್ನುತ್ತಿರಲಿಲ್ಲ. ತಂಗಿಯ ಭುಜಗಳು ತಾವಾಗಿ ಕೆಳಗಿಳಿದವು. ಬೆಳಗ್ಗೆಯಿಂದ ನಿಂತೇ ಇದ್ದ ಕಾಲುಗಳು ಈಗ ನೆನಪಾದವು. ಮಗಳ ಕೈ ಬೆವೆತು ಬೆಚ್ಚಗಿತ್ತು. ಗಂಟಲಲ್ಲಿದ್ದ ಸಾಲು ಯಾವಾಗ ಇಳಿಯಿತೋ ಅವಳಿಗೆ ತಿಳಿಯಲಿಲ್ಲ.

ಆಗ ಆ ಸ್ವರ ಬಂತು. ತಗ್ಗಿನದು, ಅಂಚು ಸವೆದದ್ದು, ಎಲ್ಲಿಗೂ ಏರಲು ಹೋಗದೆ ಇದ್ದಲ್ಲೇ ಇದ್ದು, ಅಲ್ಲೇ ಮುಗಿಯಿತು.

ಚಪ್ಪಾಳೆ ಬಂತು, ಆದರೆ ಹಿಂದಿನ ಸಲದ ಹಾಗಲ್ಲ. ಕೆಲವರು ತಟ್ಟಿದರು, ಕೆಲವರು ಮುಗಿಯಿತೋ ಇಲ್ಲವೋ ಎಂದು ಪಕ್ಕದವರನ್ನು ನೋಡಿದರು, ಕೆಲವರು ಎದ್ದು ಚೀಲ ಹುಡುಕಿದರು. ಮ್ಯಾನೇಜರು ಪಕ್ಕದ ಬಾಗಿಲಿನಿಂದ ಬಂದು, “ಏನ್ ಮೇಡಂ, ಸರ್‌ಪ್ರೈಸ್ ಎಲ್ಲಿ ಹೋಯ್ತು? ಜನಕ್ಕೆ ಏನ್ ಹೇಳ್ಲಿ?” ಎಂದು ತಲೆ ಚಚ್ಚಿಕೊಂಡರು. ಅಕ್ಕ ವೈರು ಸುತ್ತುತ್ತಾ, “ಇವತ್ತು ಇದೇ ಸರ್‌ಪ್ರೈಸ್ ಅಂತ ಹೇಳಿ,” ಎಂದಳು.

ಯಾವಾಗಲೂ ವೇದಿಕೆಯ ಕೆಳಗೆ ಮುತ್ತಿಕೊಳ್ಳುತ್ತಿದ್ದ ಜನರಲ್ಲಿ ಈ ಸಲ ಉಳಿದವರು ಬೆರಳೆಣಿಕೆಯವರು. ಕಂಡಕ್ಟರು ಎಲ್ಲರಿಗಿಂತ ಕೊನೆಗೆ ಬಂದರು. ಟೋಪಿಯನ್ನು ಕೈಯಲ್ಲಿ ತಿರುಗಿಸುತ್ತಾ ನಿಂತರು.

“ದೀಪದಕ್ಕಾ, ಸುಳ್ಳು ಹೇಳಲ್ಲ. ನಂಗೆ ಹಿಡಿಸಲಿಲ್ಲ.”

“ಸರಿ ಅಣ್ಣಾ.”

“ಆದ್ರೆ ಮಧ್ಯದಲ್ಲಿ ಒಂದು ಗಳಿಗೆ ನನ್ನ ಎದೆ ಬಡಿಯೋದು ನಂಗೇ ಕೇಳಿಸ್ತು. ಅಷ್ಟು ಜನ ಇದ್ದಾರೆ, ಅದರ ಮಧ್ಯೆ ನಂದು ಕೇಳಿಸ್ತಿದೆ. ಹೆದರಿಕೆ ಆಯ್ತು.”

“ನಂಗೂ ಆಗುತ್ತೆ,” ಎಂದಳು ಅಕ್ಕ.

“ನಿಮಗೂ ಆಗುತ್ತಾ?” ಅವರಿಗೆ ಅದರಿಂದ ಸಮಾಧಾನವಾದಂತೆ ಕಂಡಿತು. ಎರಡು ಹೆಜ್ಜೆ ಹೋದವರು ತಿರುಗಿ, “ಮನೆಯಲ್ಲಿ ಹಳೇದನ್ನೇ ಕೇಳ್ತೀನಪ್ಪ ನಾನು. ಅದನ್ನ ಬಿಡು ಅನ್ಬೇಡಿ,” ಎಂದರು.

“ನಾನೂ ಕೇಳ್ತೀನಿ ಅಣ್ಣಾ. ಆ ಹುಡುಗಿ ಚೆನ್ನಾಗಿ ಹಾಡ್ತಿದ್ಲು.”

ಅವರು ಹೋದ ಮೇಲೆ ಸಭಾಂಗಣದ ದೀಪಗಳು ಒಂದೊಂದು ಸಾಲಾಗಿ ಆರತೊಡಗಿದವು. ಪಟಾಕಿ ಖಾಲಿ ಕುರ್ಚಿಗಳ ನಡುವೆ ಓಡುತ್ತಾ ಒಂದೊಂದನ್ನೇ ಟಪ್ ಟಪ್ ಎಂದು ಮಡಿಸುತ್ತಿದ್ದಳು. ಅಕ್ಕ ವೇದಿಕೆಯ ಅಂಚಿಗೆ ಬಂದು ಕಾಲು ಇಳಿಬಿಟ್ಟು ಕೂತಳು. ತಂಗಿ ಅವಳ ಪಕ್ಕಕ್ಕೆ ಹತ್ತಿ ಕೂತಳು.

“ಈಗ ಹೇಳು,” ಎಂದಳು ಅಕ್ಕ. “ಅಕ್ಕ ಅಂತ ನೋಡ್ಬೇಡ. ಚೆನ್ನಾಗಿದೆ ಅಂತ ಮಾತ್ರ ಹೇಳ್ಬೇಡ.”

“ಬೈಯಲ್ಲ ತಾನೇ?”

“ಬೈಯಲ್ಲ.”

“ಮೊದಲನೇದು ತುಂಬ ಉದ್ದ ಆಯ್ತು. ಡ್ರೈಯರ್ ಸಾಕಪ್ಪಾ ಸಾಕು ಅನ್ನಿಸ್ತು. ದಿನಾ ಅದೇ ಕೇಳೋದು ನಂಗೆ.”

“ಹ್ಞೂಂ.” ಅಕ್ಕನ ಮುಖ ಸ್ವಲ್ಪ ಇಳಿಯಿತು. “ಆಮೇಲೆ?”

“ನೀನು ಉಸಿರು ಬಿಡೋದು ಚೆನ್ನಾಗಿತ್ತು. ಕೊನೇ ಸ್ವರ ನಂಗೆ ಅರ್ಥ ಆಗ್ಲಿಲ್ಲ. ಯಾಕೆ ಬಂತು, ಯಾಕೆ ಹೋಯ್ತು, ಗೊತ್ತಾಗ್ಲಿಲ್ಲ. ನಾನೇ ದಡ್ಡಿ ಇರ್ಬಹುದು.”

“ನಂಗೂ ಪೂರ್ತಿ ಗೊತ್ತಿಲ್ಲ. ಮುಂದೆ ಹೇಳು.”

ತಂಗಿ ತನ್ನ ಅಂಗೈಯಲ್ಲಿದ್ದ ಹಳೆಯ ಸುಟ್ಟ ಗುರುತುಗಳನ್ನು ಹೆಬ್ಬೆರಳಿನಿಂದ ಸವರಿದಳು. “ಸುಮ್ಮನಿರೋ ಜಾಗ,” ಎಂದಳು. “ಅದು ಇನ್ನೂ ಸ್ವಲ್ಪ ಹೊತ್ತು ಇರ್ಬಹುದಿತ್ತು.”

ಅಕ್ಕ ಅವಳ ಕಡೆ ತಿರುಗಿದಳು. “ಇನ್ನೂ ಹೊತ್ತಾ? ಜನ ಎದ್ದು ಹೋಗ್ತಿದ್ರು ಕಣೇ!”

“ಹೋಗ್ಲಿ ಬಿಡು. ನಾನು ಆಗ ತಾನೇ ಸರಿಯಾಗಿ ಕೂತ್ಕೊಂಡಿದ್ದೆ.”